ಜನರಿಲ್ಲದ ಕಡಲಿಗೆ ಹೊರಡುವ ಮುಂಚೆ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಸಮುದ್ರದ ಬಗ್ಗೆಯೇ ಇದ್ದವು. ಅದರಲ್ಲೂ ಹೆಚ್ಚಿನವರು ಕೇಳಿದ್ದು ಒಂದೇ, ಗದ್ದಲ ಇಲ್ಲದ ಬೀಚ್ ಎಲ್ಲಿದೆ ಅಂತ. ಮೂರು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಸ್ವಲ್ಪ ಉದ್ದವಾಗಿದೆ, ಅಲ್ಲಿ ಹೇಳಲೇಬೇಕಾದ್ದು ತುಂಬಾ ಇತ್ತು.

ಪ್ರಶ್ನೆ: ಅಕ್ಕಾ, ನಾನು ಶಾಲಾ ಶಿಕ್ಷಕಿ. ಮದುವೆಯಾಗಿ ಹದಿನೈದು ವರ್ಷವಾಯಿತು, ಒಮ್ಮೆಯೂ ದೂರದ ಪ್ರವಾಸ ಮಾಡಿಲ್ಲ. ಈ ದಸರಾ ರಜೆಯಲ್ಲಿ ಗಂಡ ಮತ್ತು ಎಂಟನೇ ಕ್ಲಾಸಿನ ಮಗನ ಜೊತೆ ಅಂಡಮಾನ್‌ಗೆ ಹೋಗುವ ಆಸೆ. ಹ್ಯಾವ್‌ಲಾಕ್‌ನಲ್ಲಿ ಈಗ ತುಂಬಾ ರಶ್ ಅಂತಾರೆ. ನಮಗೆ ದೊಡ್ಡ ಹೋಟೆಲು, ವಾಟರ್ ಸ್ಕೂಟರ್ ಏನೂ ಬೇಡ, ಮರಳಲ್ಲಿ ಸುಮ್ನೆ ಕೂರುವಂಥ ಜಾಗ ಸಾಕು. ಐದು ದಿನದಲ್ಲಿ ಆಗುತ್ತಾ? ಮೂವರಿಗೂ ಈಜು ಬರುವುದಿಲ್ಲ. — ಶಿಕ್ಷಕಿ, ದಾವಣಗೆರೆ

ಉತ್ತರ: ಹೋಗಿ ಬನ್ನಿ. ಆದರೆ ದಸರಾದಲ್ಲಿ ಬೇಡ, ಐದು ದಿನದಲ್ಲೂ ಬೇಡ.

ಮೊದಲು ತಿಂಗಳ ವಿಷಯ. ಅಂಡಮಾನ್‌ಗೆ ಮುಂಗಾರು ನಮಗಿಂತ ಮೊದಲೇ, ಮೇ ಮೂರನೇ ವಾರದ ಹೊತ್ತಿಗೆ ಬರುತ್ತದೆ. ಅಕ್ಟೋಬರ್‌ನಲ್ಲೂ ಮಳೆ ಬಿಟ್ಟಿರುವುದಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಏಳುವ ಕಾಲ ಬೇರೆ. ಸಮುದ್ರ ಕೆಟ್ಟರೆ ಹಡಗು ನಿಲ್ಲುತ್ತದೆ, ನಿಮ್ಮ ಐದು ದಿನವೂ ಪೋರ್ಟ್ ಬ್ಲೇರ್‌ನ ಲಾಡ್ಜ್ ಕೋಣೆಯಲ್ಲೇ ಮುಗಿಯಬಹುದು. ಜನವರಿಯಿಂದ ಏಪ್ರಿಲ್‌ವರೆಗೆ ಒಣ ಕಾಲ. ಮಗನಿಗೆ ಪರೀಕ್ಷೆ, ನಿಮಗೆ ಶಾಲೆ ಇರುವುದರಿಂದ ಏಪ್ರಿಲ್ ಎರಡನೇ ವಾರ ಸರಿಯಾಗುತ್ತದೆ. ಬಿಸಿಲು ಜೋರು, ಸೆಕೆಯೂ ಜಾಸ್ತಿ, ಆದರೆ ಆ ಹೊತ್ತಿಗೆ ಅಲ್ಲಿನ ಸಮುದ್ರ ಸಾಮಾನ್ಯವಾಗಿ ಶಾಂತವಾಗಿರುತ್ತದೆ. ಈಜು ಬಾರದವರಿಗೆ ಅದೇ ಮುಖ್ಯ ಅಲ್ವಾ?

ಇನ್ನು ಜಾಗ. ನಿಮ್ಮ ಪತ್ರ ಓದಿದ ಕೂಡಲೇ ನನಗೆ ನೆನಪಾಗಿದ್ದು ಲಾಂಗ್ ಐಲ್ಯಾಂಡ್. ಮಧ್ಯ ಅಂಡಮಾನ್‌ನ ರಂಗತ್ ಊರಿನ ಹತ್ತಿರದ ಸಣ್ಣ ದ್ವೀಪ. ಜೆಟ್ಟಿಯ ಪಕ್ಕ ಒಂದು ಹಳ್ಳಿ, ಅದರ ಆಚೆಗೆಲ್ಲ ಕಾಡು. ಆ ಕಾಡು ದಾಟಿದರೆ ಲಾಲಾಜಿ ಬೇ ಅನ್ನುವ ಬಿಳಿ ಮರಳಿನ ತೀರ. ನಡೆದು ಹೋದರೆ ಹತ್ತಿರ ಹತ್ತಿರ ಎರಡು ಗಂಟೆ, ಹಳ್ಳಿಯವರ ಸಣ್ಣ ದೋಣಿಯಲ್ಲಾದರೆ ಅರ್ಧ ಗಂಟೆಯೂ ಬೇಡ. ಮರಗಳು ಮರಳಿನ ಅಂಚಿನವರೆಗೂ ಬಂದು ನಿಂತಿವೆ, ಎದುರಿಗೆ ತಿಳಿ ಹಸಿರು ನೀರು. ನಾನು ಹೋದಾಗ ಮಧ್ಯಾಹ್ನದವರೆಗೂ ಅಲ್ಲಿ ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ. ಆ ಮೌನ ಇವತ್ತಿಗೂ ಕಿವಿಯಲ್ಲಿದೆ. ಹೊರಡುವ ಮುಂಚೆ ಅಲ್ಲಿನ ಅರಣ್ಯ ಇಲಾಖೆಯವರಿಗೆ ತಿಳಿಸಿಯೇ ಹೋಗಿ. ಒಪ್ಪಿಗೆ ಬೇಕಾದರೆ ಅಲ್ಲೇ ಹೇಳುತ್ತಾರೆ, ನೀವು ಎಲ್ಲಿ ಹೋಗಿದ್ದೀರಿ ಅನ್ನುವುದು ಯಾರಿಗಾದರೂ ಗೊತ್ತಿದ್ದ ಹಾಗೂ ಆಗುತ್ತದೆ.

ಹೋಗುವ ದಾರಿ ಎರಡು. ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಿಂದ ವಾರದಲ್ಲಿ ಕೆಲವು ದಿನ ಮಾತ್ರ ಸರ್ಕಾರಿ ಹಡಗು ಇರುತ್ತದೆ. ಇಲ್ಲದಿದ್ದರೆ ಬೆಳಗಿನ ಜಾವದ ಬಸ್ಸಿನಲ್ಲಿ ರಂಗತ್‌ಗೆ ಹೋಗಿ, ಅಲ್ಲಿನ ಯೆರಟ್ಟಾ ಜೆಟ್ಟಿಯಿಂದ ದೋಣಿ ಹಿಡಿಯಬೇಕು. (ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ, ಹ್ಯಾವ್‌ಲಾಕ್‌ಗೆ 2018ರಲ್ಲಿ ಸ್ವರಾಜ್ ದ್ವೀಪ್ ಅಂತ ಹೆಸರು ಬದಲಾಗಿದೆ, ಟಿಕೆಟ್ ಮಾಡುವಾಗ ಗಾಬರಿಯಾಗಬೇಡಿ.) ಬಸ್ಸಿನ ದಾರಿ ಜರವಾ ಅನ್ನುವ ಆದಿವಾಸಿ ಜನರ ಮೀಸಲು ಪ್ರದೇಶದ ಒಳಗಿಂದ ಹೋಗುತ್ತದೆ. ಗಾಡಿಗಳನ್ನೆಲ್ಲ ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ಅಲ್ಲಿ ನಿಲ್ಲಿಸುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ, ತಿಂಡಿ ಕೊಡುವ ಹಾಗಿಲ್ಲ, ಇದೆಲ್ಲ ಕಾನೂನು. ಮಗನಿಗೆ ಮನೆಯಲ್ಲೇ ಕೂರಿಸಿ ಹೇಳಿ, ಅದು ಅವರ ಊರು, ನಾವು ಬರೀ ದಾಟಿ ಹೋಗುವವರು ಅಂತ.

ಈಗ ದಿನಗಳ ಲೆಕ್ಕ. ಒಂಬತ್ತು ದಿನ ಇಟ್ಟುಕೊಳ್ಳಿ. ಬೆಂಗಳೂರಿನಿಂದ ನೇರ ವಿಮಾನ ಇದೆ, ಎರಡೂವರೆ ಗಂಟೆಯ ಮೇಲೆ ಸ್ವಲ್ಪ ಹಿಡಿಯುತ್ತದೆ. ಮೊದಲ ದಿನ ಇಳಿದು ಮಲಗಿ. ಎರಡನೇ ದಿನ ಸೆಲ್ಯುಲರ್ ಜೈಲು ನೋಡಿ. 1896ರಲ್ಲಿ ಶುರುವಾಗಿ 1906ರಲ್ಲಿ ಮುಗಿದ ಕಟ್ಟಡ ಅದು, ಎಂಟನೇ ಕ್ಲಾಸಿನ ಹುಡುಗ ನೋಡಲೇಬೇಕು. ಅವತ್ತೇ ಮುಂದಿನ ಟಿಕೆಟ್ ವಿಚಾರಿಸಿ, ಯಾಕೆಂದರೆ ಸರ್ಕಾರಿ ಹಡಗಿನ ಟಿಕೆಟ್ ತುಂಬಾ ಮೊದಲೇ ಸಿಗುವುದಿಲ್ಲ. ಮೂರನೇ ದಿನ ಪ್ರಯಾಣ, ಆಮೇಲಿನ ಮೂರು ದಿನ ದ್ವೀಪ, ಏಳನೇ ದಿನ ವಾಪಸ್. ಎಂಟನೇ ದಿನಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಈ ಖಾಲಿ ದಿನವನ್ನು ಮಾತ್ರ ಯಾರು ಏನೇ ಹೇಳಿದರೂ ಬಿಡಬೇಡಿ. ನಾನು ಮೊದಲ ಸಲ ಹೋದಾಗ ದ್ವೀಪದಿಂದ ಬಂದ ಮರುದಿನ ಬೆಳಿಗ್ಗೆಯೇ ವಿಮಾನ ಅಂತ ಲೆಕ್ಕ ಹಾಕಿದ್ದೆ. ಗಾಳಿ ಎದ್ದಿತು, ಹಡಗು ಬರಲಿಲ್ಲ, ವಿಮಾನ ತಪ್ಪಿತು. ಹೊಸ ಟಿಕೆಟ್‌ಗೆ ಕೊಟ್ಟ ದುಡ್ಡಿನಲ್ಲಿ ಇನ್ನೊಂದು ಪ್ರವಾಸವೇ ಆಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದ್ವೀಪದಲ್ಲಿ ಕಳೆದ ಆ ಕೊನೆಯ ದಿನವನ್ನು ಚಿಂತೆಯಲ್ಲೇ ಹಾಳು ಮಾಡಿಕೊಂಡೆ.

ಹೊತ್ತಿನ ವಿಷಯವೂ ಗಮನದಲ್ಲಿರಲಿ. ಗಡಿಯಾರ ನಮ್ಮದೇ, ಆದರೆ ಅಂಡಮಾನ್ ಪೂರ್ವಕ್ಕೆ ತುಂಬಾ ದೂರದಲ್ಲಿದೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕಾಗುತ್ತದೆ, ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ. ದಾವಣಗೆರೆಗಿಂತ ಒಂದು ಗಂಟೆಗೂ ಜಾಸ್ತಿ ಮೊದಲು. ಊರಿನ ಅಭ್ಯಾಸದಲ್ಲಿ ನಾಲ್ಕೂವರೆಯವರೆಗೆ ಕೂತು ಆಮೇಲೆ ಕಾಡಿನ ದಾರಿ ಹಿಡಿದರೆ ಅರ್ಧ ದಾರಿಯಲ್ಲೇ ಕತ್ತಲಾಗುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು, ಮಧ್ಯಾಹ್ನ ಎರಡಕ್ಕೆ ಎದ್ದುಬಿಡಿ. ದೋಣಿಯವರ ಹತ್ತಿರ ವಾಪಸ್ ಕರೆದೊಯ್ಯುವ ಸಮಯವನ್ನು ಮೊದಲೇ ಮಾತಾಡಿ, ಪೂರ್ತಿ ದುಡ್ಡನ್ನು ನೀವು ವಾಪಸ್ ಬಂದ ಮೇಲೆ ಕೊಡಿ.

ಮೊಸಳೆ. ಹೆದರಿಸಲು ಹೇಳುತ್ತಿಲ್ಲ, ಗೊತ್ತಿರಬೇಕು ಅಂತ ಹೇಳುತ್ತಿದ್ದೇನೆ. ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆ ಇದೆ. 2010ರಲ್ಲಿ ಹ್ಯಾವ್‌ಲಾಕ್‌ನಲ್ಲೇ ಅಮೆರಿಕದ ಒಬ್ಬ ಪ್ರವಾಸಿ ಅದಕ್ಕೆ ಬಲಿಯಾದರು. ಖಾರಿ ಸಮುದ್ರಕ್ಕೆ ಸೇರುವ ಕಡೆ, ಮ್ಯಾಂಗ್ರೋವ್ (ನಮ್ಮ ಕರಾವಳಿಯಲ್ಲಿ ಕಾಂಡ್ಲಾ ಅನ್ನುತ್ತಾರೆ) ಗಿಡಗಳು ಬೆಳೆದ ಕಡೆ, ಮುಸ್ಸಂಜೆಯ ಹೊತ್ತು ನೀರಿಗೆ ಇಳಿಯಲೇಬೇಡಿ. ಪ್ರತಿದಿನ ಹಳ್ಳಿಯವರನ್ನು ಕೇಳಿ, ಇವತ್ತು ಎಲ್ಲಿ ಇಳಿಯಬಹುದು ಅಂತ. ಅವರು ಬೇಡ ಅಂದರೆ ಬೇಡ. ಈಜು ಬಾರದ ನೀವು ಮೂವರೂ ಮೊಣಕಾಲಿನ ನೀರಿಗಿಂತ ಆಚೆ ಹೋಗಬೇಡಿ. ನಿಮ್ಮಲ್ಲಿ ಒಬ್ಬರು ಯಾವಾಗಲೂ ದಡದಲ್ಲಿರಿ.

ಸಣ್ಣಪುಟ್ಟದ್ದು: ನಗದು ಊರಿಂದಲೇ ಒಯ್ಯಿರಿ, ದ್ವೀಪದಲ್ಲಿ ಫೋನ್ ಸಿಗ್ನಲ್ ನಂಬಿ ಕೂರುವ ಹಾಗಿಲ್ಲ. ಸ್ಯಾಂಡ್‌ಫ್ಲೈ ಅಂತ ಕಣ್ಣಿಗೆ ಸರಿಯಾಗಿ ಕಾಣದ ನೊಣ ಮರಳಲ್ಲಿ ಕಚ್ಚುತ್ತದೆ, ತುರಿಕೆ ದಿನಗಟ್ಟಲೆ ಇರುತ್ತದೆ. ನಾನು ಕಾಲಿಗೆ ದಪ್ಪಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತೇನೆ. ಹವಳದ ಚೂರು, ದೊಡ್ಡ ಚಿಪ್ಪು ಎಷ್ಟೇ ಚೆಂದ ಕಂಡರೂ ಅಲ್ಲೇ ಬಿಡಿ. ಹವಳ ಮತ್ತು ಎಷ್ಟೋ ಬಗೆಯ ಚಿಪ್ಪುಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಹಿಡಿಯುತ್ತಾರೆ.

ಪ್ರಶ್ನೆ: ಅಕ್ಕಾ, ನಾವು ಐದು ಜನ ಕಾಲೇಜು ಗೆಳೆಯರು. ಕೈಯಲ್ಲಿ ದುಡ್ಡು ಕಮ್ಮಿ, ರಜೆ ಎರಡೇ ದಿನ. ಡಿಸೆಂಬರ್‌ನಲ್ಲಿ ಗೋಕರ್ಣದ ಕಡೆ ಯಾರೂ ಇಲ್ಲದ ಬೀಚಲ್ಲಿ ಟೆಂಟ್ ಹಾಕಿ, ಬೆಂಕಿ ಹಾಕಿಕೊಂಡು ರಾತ್ರಿ ಕಳೆಯಬೇಕು ಅಂತಿದೆ. ಜಾಗ ಹೇಳಿ. — ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ನಾನು ಹುಟ್ಟಿ ಬೆಳೆದದ್ದು ಕುಮಟಾ ಕಡೆ. ಹಾಗಾಗಿ ಜಾಗ ಖಂಡಿತ ಹೇಳುತ್ತೇನೆ, ಟೆಂಟಿನ ವಿಷಯ ಆಮೇಲೆ ಮಾತಾಡೋಣ.

ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಈ ನಾಲ್ಕೂ ಡಿಸೆಂಬರ್‌ನಲ್ಲಿ ತುಂಬಿರುತ್ತವೆ. ನೀವು ಗೋಕರ್ಣಕ್ಕೆ ಮೊದಲು ಹೋಗಲೇಬೇಡಿ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಾಟಿ, ಅಂಕೋಲಾ ಮೇಲೆ ಕುಮಟಾಕ್ಕೆ ಬನ್ನಿ. ಅಲ್ಲಿಂದ ಕಾಗಾಲ ಕಡೆಗೆ ಹೊರಟರೆ ಗಾಳಿಮರಗಳ ಸಾಲಿನ ಪಕ್ಕ ಉದ್ದನೆಯ ತೀರ ಸಿಗುತ್ತದೆ, ಈಗ ನಿರ್ವಾಣ ಬೀಚ್ ಅಂತ ಕರೆಯುತ್ತಾರೆ. ಶನಿವಾರ ಅಲ್ಲೇ ಇರಿ. ಭಾನುವಾರ ಬೆಳಿಗ್ಗೆ ನಡೆಯುತ್ತಾ ಅಘನಾಶಿನಿ ಊರಿಗೆ ಬಂದು, ದೋಣಿಯಲ್ಲಿ ಅಳಿವೆ (ನದಿ ಕಡಲು ಸೇರುವ ಜಾಗ) ದಾಟಿ ತದಡಿಗೆ ಹೋಗಿ. ಅಘನಾಶಿನಿ ನದಿಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ನದಿ ತನ್ನ ಪಾಡಿಗೆ ಹರಿದು ಬಂದು ಕಡಲು ಸೇರುವುದನ್ನು ದೋಣಿಯಿಂದಲೇ ನೋಡಬಹುದು. ಇಳಿತದ ಹೊತ್ತಿಗೆ ಹೋದರೆ ಹೆಂಗಸರು ಗಂಡಸರು ಸೊಂಟದ ನೀರಲ್ಲಿ ನಿಂತು ಬಳಚು, ಅಂದರೆ ತಿನ್ನುವ ಚಿಪ್ಪು, ತೆಗೆಯುವುದು ಕಾಣುತ್ತದೆ. ಎಷ್ಟೋ ಮನೆಗಳು ಅದರಿಂದಲೇ ನಡೆಯುತ್ತಿವೆ. ತದಡಿಯಿಂದ ಗೋಕರ್ಣಕ್ಕೆ ಬಸ್ಸಿದೆ.

ಈಗ ಟೆಂಟ್. ಕೇಳದೆ ಹಾಕಬೇಡಿ. ತೀರದ ಪಕ್ಕದ ಯಾವುದಾದರೂ ಮನೆಯಲ್ಲಿ, ಇಲ್ಲ ಹೋಂಸ್ಟೇಯಲ್ಲಿ ಕೇಳಿ, ಅಂಗಳದಲ್ಲಿ ಜಾಗ ಕೊಡುವವರು ಇದ್ದಾರೆ. ಹಿಂದಿನ ದಿನವೇ ಫೋನ್ ಮಾಡಿ ಹೇಳಿದರೆ ಅನ್ನ, ಮೀನು ಸಾರು ಸಿಗುತ್ತದೆ. ಮರಳ ಮೇಲೆ ಬೆಂಕಿ ಮಾತ್ರ ಬೇಡವೇ ಬೇಡ. ಚಳಿಗಾಲದಲ್ಲಿ ನಮ್ಮ ತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ರಾತ್ರಿ ಬೆಂಕಿ, ಟಾರ್ಚು, ಗಲಾಟೆ ಕಂಡರೆ ತಾಯಿ ಆಮೆ ಮೊಟ್ಟೆ ಇಡದೆ ವಾಪಸ್ ಹೋಗಿಬಿಡಬಹುದು. ಮರಿಗಳು ಮಿನುಗುವ ಕಡಲಿನ ಬದಲು ನಿಮ್ಮ ಬೆಳಕಿನ ಕಡೆಗೆ ತೆವಳುತ್ತವೆ. ದೀಪ ಆರಿಸಿ ಹತ್ತು ನಿಮಿಷ ಸುಮ್ನೆ ಕೂತು ನೋಡಿ, ಅಮಾವಾಸ್ಯೆ ಹತ್ತಿರವಿದ್ದರೆ ಆಕಾಶ ತುಂಬ ನಕ್ಷತ್ರ ಕಾಣುತ್ತವೆ.

ಇನ್ನೊಂದು ಮಾತು, ಇದನ್ನು ಐದೂ ಜನ ಓದಿ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಹೆಣ್ಣುಮಕ್ಕಳು ನೀರುಪಾಲಾದರು. ಅದು ಜನ ಕಿಕ್ಕಿರಿದಿರುವ ತೀರ. ನೀವು ಹೋಗುತ್ತಿರುವಲ್ಲಿ ಕೂಗಿದರೆ ಕೇಳುವವರೂ ಇರುವುದಿಲ್ಲ. ಹೊಸಬರು ಮೋಸ ಹೋಗುವುದು ಎಲ್ಲಿ ಗೊತ್ತಾ? ಅಕ್ಕಪಕ್ಕ ಅಲೆ ಒಡೆಯುತ್ತಿರುತ್ತದೆ, ನಡುವೆ ಒಂದು ಪಟ್ಟಿಯಷ್ಟು ಜಾಗದಲ್ಲಿ ಅಲೆಯೇ ಇರುವುದಿಲ್ಲ, ನೀರು ಸ್ವಲ್ಪ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಇಲ್ಲಿ ಇಳಿಯಬಹುದು ಅನ್ನಿಸುತ್ತದೆ. ಆದರೆ ದಡಕ್ಕೆ ಬಂದ ನೀರೆಲ್ಲ ಒಟ್ಟಾಗಿ ಕಡಲಿಗೆ ವಾಪಸ್ ಓಡುವ ದಾರಿ ಅದು, ನಿಮ್ಮನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಕೊಂಡರೆ ದಡದ ಕಡೆಗೆ ನೇರವಾಗಿ ಈಜಿ ಸುಸ್ತಾಗಬೇಡಿ. ತೇಲಿಕೊಂಡು ಕೈ ಎತ್ತಿ ಕೂಗಿ, ದಡಕ್ಕೆ ಅಡ್ಡವಾಗಿ ಪಕ್ಕಕ್ಕೆ ಈಜಿ, ಅಲೆ ಒಡೆಯುವ ಕಡೆ ಬಂದ ಮೇಲೆ ಒಳಗೆ ಬನ್ನಿ. ಅಳಿವೆಯ ಹತ್ತಿರ ಮಾತ್ರ ಈಜು ಬಂದರೂ ಇಳಿಯಬೇಡಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಇಳಿತ ಎರಡೂ ಜೋರಾಗಿರುತ್ತದೆ, ಹೊರಡುವ ಮುಂಚೆ ಗೋಡೆಯ ಕ್ಯಾಲೆಂಡರ್ ನೋಡಿ. ಇವತ್ತು ಬಂದ ಉಬ್ಬರ ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಬಂಡೆಗಳ ಬುಡದಲ್ಲಿ ನಡೆದು ಇನ್ನೊಂದು ತೀರಕ್ಕೆ ದಾಟುವುದಿದ್ದರೆ ಇಳಿತದಲ್ಲಿ ಹೋಗಿ ಇಳಿತದಲ್ಲೇ ವಾಪಸ್ ಬನ್ನಿ. ಕುಡಿದು ನೀರಿಗೆ ಇಳಿಯುವವರನ್ನು ನಾನು ಬಾಲ್ಯದಿಂದ ನೋಡಿದ್ದೇನೆ, ಅವರ ತಾಯಂದಿರು ತೀರಕ್ಕೆ ಬಂದು ಅಳುವುದನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಪ್ರಶ್ನೆ: ನನಗೆ ಅರವತ್ತೆಂಟು ವರ್ಷ, ಮಂಡಿ ನೋವು. ಮರಳಲ್ಲಿ ದೂರ ನಡೆಯಲು ಆಗದು. ಮಗ ಕಾರಲ್ಲಿ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಗದ್ದಲವಿಲ್ಲದ ಕಡೆ ಕೂತು ಅಲೆಯ ಸದ್ದು ಕೇಳಬೇಕು, ಅಷ್ಟೇ. — ಗೃಹಿಣಿ, ತುಮಕೂರು

ಉತ್ತರ: ಅಮ್ಮಾ, ಉಡುಪಿಯಿಂದ ಕೆಮ್ಮಣ್ಣು ಮೇಲೆ ಕೋಡಿ ಬೆಂಗ್ರೆಗೆ ಹೋಗಲು ಮಗನಿಗೆ ಹೇಳಿ. ಒಂದು ಪಕ್ಕ ನದಿ, ಇನ್ನೊಂದು ಪಕ್ಕ ಕಡಲು, ನಡುವೆ ಕಿರಿದಾದ ನೆಲ, ಅದರ ಮೇಲೇ ರಸ್ತೆ. ಕಾರಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟರೆ ಕಡಲು ಎದುರಿಗೇ ಇರುತ್ತದೆ. ಮರವಂತೆಯ ಹೆಸರು ಎಲ್ಲರೂ ಹೇಳುತ್ತಾರೆ, ಚೆಂದವೇ, ಆದರೆ ಪಕ್ಕದಲ್ಲೇ ಹೆದ್ದಾರಿ, ಲಾರಿಗಳ ಸದ್ದಲ್ಲಿ ನಿಮಗೆ ಅಲೆ ಸರಿಯಾಗಿ ಕೇಳಿಸದು.

ಭಾನುವಾರ ಬಿಟ್ಟು ಬೇರೆ ದಿನ ಹೋಗಿ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಮಳೆಗಾಲದ ಕಡಲು ನೋಡುವ ಆಸೆಯಿದ್ದರೆ ಕಾರಿನಲ್ಲೇ ಕೂತು ನೋಡಿ, ಆಗ ನೀರಿನ ಹತ್ತಿರ ಹೋಗುವುದು ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೂ ಅಲ್ಲಿ ಮೀನುಗಾರಿಕೆ ನಿಷೇಧ ಇರುತ್ತದೆ.

ಮಡಚುವ ಕುರ್ಚಿ ಒಂದನ್ನು ಡಿಕ್ಕಿಯಲ್ಲಿ ಹಾಕಿಕೊಳ್ಳಿ, ಮರಳಲ್ಲಿ ಕಾಲು ಹೂತು ಹೋಗದ ಹಾಗೆ ಅಗಲ ಕಾಲಿನದ್ದು ಇರಲಿ. ಫ್ಲಾಸ್ಕಿನಲ್ಲಿ ಕಾಫಿ, ಕಿವಿಗೆ ಸುತ್ತಿಕೊಳ್ಳಲು ಒಂದು ಶಾಲು. ಸಂಜೆ ನಾಲ್ಕೂವರೆಗೆ ಹೋದರೆ ಬಿಸಿಲು ತಗ್ಗಿರುತ್ತದೆ, ಸೂರ್ಯ ಮುಳುಗಲು ಇನ್ನೂ ಒಂದೂವರೆ ಗಂಟೆಯಾದರೂ ಇರುತ್ತದೆ.