ಕೆಟ್ಟ ಸಾಮಾನು ವಾಪಸ್ ತಂದು ರೇಗಾಡುವ ಗಿರಾಕಿಗಳ ಜೊತೆ ಹೇಗೆ ಮಾತಾಡಬೇಕು?

ಅಂಗಡಿ ಕೆಲಸಕ್ಕೆ ಹೊಸದಾಗಿ ಸೇರಿದ್ದೀರಿ. ಕೆಟ್ಟ ಸಾಮಾನು ಹಿಡಿದು ಯಾರಾದರೂ ಒಳಗೆ ಬಂದರೆ ಎದೆ ಡವಗುಟ್ಟುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮನೆಬಳಕೆಯ ಎಲೆಕ್ಟ್ರಿಕ್ ಸಾಮಾನು ಮಾರುವ ಅಂಗಡಿಯ ಕೌಂಟರ್‌ನಲ್ಲಿ ನಾನು ಹನ್ನೊಂದು ವರ್ಷದಿಂದ ನಿಂತಿದ್ದೇನೆ. ಶುರುವಿನಲ್ಲಿ ನನಗೂ ಹಾಗೇ ಆಗುತ್ತಿತ್ತು.

ಮೊದಲನೆಯದು, ಬಾಯಿ ಬಿಟ್ಟ ಕೂಡಲೇ "ಬಿಲ್ ಇದೆಯಾ?" ಎನ್ನಬೇಡಿ. ಬಿಲ್ ಬೇಕೇ ಬೇಕು, ಆದರೆ ಅದನ್ನು ಆಮೇಲೆ ಕೇಳಿ. ಬಂದವರು ದಾರಿಯುದ್ದಕ್ಕೂ ಜಗಳದ ಮಾತುಗಳನ್ನೇ ಜೋಡಿಸಿಕೊಂಡು ಬಂದಿರುತ್ತಾರೆ. ಕೈ ಚಾಚಿ "ಕೊಡಿ, ನೋಡೋಣ. ಏನಾಯ್ತು?" ಎಂದರೆ ಆ ಮಾತುಗಳಲ್ಲಿ ಅರ್ಧ ಬೇಕಾಗುವುದೇ ಇಲ್ಲ. "ಏನಾಯ್ತು" ಎನ್ನಿ, "ಏನು ಮಾಡಿದ್ರಿ" ಎನ್ನಬೇಡಿ. ಎರಡನೆಯದರಲ್ಲಿ ತಪ್ಪು ಅವರದೇ ಎಂದು ನೀವು ಆಗಲೇ ತೀರ್ಮಾನಿಸಿದ ಹಾಗೆ ಕೇಳಿಸುತ್ತದೆ.

ಆಮೇಲೆ ಅವರ ಕಣ್ಣೆದುರೇ ಪರೀಕ್ಷೆ ಮಾಡಿ, ಒಳಗಿನ ಕೋಣೆಗೆ ಒಯ್ಯಬೇಡಿ. ಸುಟ್ಟ ವಾಸನೆ ಬಂದರೆ, ಪ್ಲಗ್ ಕರಗಿದ್ದರೆ, ಶಾಕ್ ಹೊಡೆಯಿತು ಎಂದು ಹೇಳಿದರೆ ಮಾತ್ರ ಸ್ವಿಚ್ ಹಾಕಲೇಬೇಡಿ. ಅಂಥದ್ದನ್ನು ಹಾಗೇ ಎತ್ತಿಡಿ.

ನಿಜವಾದ ಕಷ್ಟ ಇರುವುದು ಸಾಮಾನು ಅಂಗಡಿಯಲ್ಲಿ ಸರಿಯಾಗಿ ಓಡಿದಾಗ. ಒಮ್ಮೆ ಒಬ್ಬರು ಕೆಟಲ್ ಒಂದನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಕೊಂಡು ಎರಡು ದಿನವಾಗಿತ್ತು, ಬೆಳಿಗ್ಗೆಯಿಂದ ಆನ್ ಆಗುತ್ತಿಲ್ಲ ಎಂದರು. ನೀರು ತುಂಬಿ ಸ್ವಿಚ್ ಒತ್ತಿದೆ, ದೀಪ ಹತ್ತಿತು. ಅವರ ಮುಖ ಬಾಡಿಹೋಯಿತು. "ಸುಳ್ಳು ಹೇಳ್ತಿಲ್ಲ, ಮನೇಲಿ ಆಗಲೇ ಇಲ್ಲ" ಎಂದರು. ಅವರು ಹೇಳಿದ್ದು ನಿಜ. ನೀರಿಲ್ಲದೆ ಆನ್ ಆದರೆ ಇಂಥ ಕೆಟಲ್‌ಗಳಲ್ಲಿ ಕಟ್‌ಆಫ್ ಎಂಬ ಒಳಗಿನ ಸುರಕ್ಷತಾ ಸ್ವಿಚ್ ಕರೆಂಟ್ ನಿಲ್ಲಿಸುತ್ತದೆ, ತಣ್ಣಗಾದ ಮೇಲೆ ತಾನಾಗಿ ಸರಿಹೋಗುತ್ತದೆ. ಅಂಗಡಿಗೆ ತರುವ ಹೊತ್ತಿಗೆ ಅದು ತಣ್ಣಗಾಗಿತ್ತು, ಅಷ್ಟೇ. ಇಂಥ ಹೊತ್ತಿನಲ್ಲಿ "ಚೆನ್ನಾಗೇ ಇದೆಯಲ್ಲ" ಎಂದು ವಾಪಸ್ ಕೊಟ್ಟರೆ ಅವರು ತಲೆ ತಗ್ಗಿಸಿಕೊಂಡು ಹೋಗುತ್ತಾರೆ. ಯಾಕೆ ಹಾಗಾಯಿತು ಎಂದು ಬಿಡಿಸಿ ಹೇಳಿ, ಅದೂ ಪಕ್ಕದ ಗಿರಾಕಿಗೆ ಕೇಳಿಸದ ದನಿಯಲ್ಲಿ. ಮಿಕ್ಸಿಯದೂ ಇದೇ ಕಥೆ. ಹೊರೆ ಜಾಸ್ತಿಯಾದರೆ ಅಡಿಯಲ್ಲಿರುವ ಓವರ್‌ಲೋಡ್ ಬಟನ್ ಹೊರಗೆ ಬಂದು ಮಿಕ್ಸಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ಬಟನ್ ಒಳಗೆ ಒತ್ತಿದರೆ ಮತ್ತೆ ಓಡುತ್ತದೆ. ಅದನ್ನು ಮಾರುವಾಗಲೇ ತೋರಿಸಿದರೆ ಎಷ್ಟೋ ಜನ ವಾಪಸ್ ಬರುವುದೇ ತಪ್ಪುತ್ತದೆ.

ಹಾಗಂತ ಯಾವಾಗಲೂ ಬಳಸಿದವರದ್ದೇ ತಪ್ಪು ಎಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡೇ ಒಂದು ಸಲ ಎಡವಿದೆ. ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಪ್ಪಾಗಿದೆ ಎಂದು ಒಬ್ಬ ಅಜ್ಜಿ ತಂದರು. "ನಿಮ್ಮ ಮನೆ ಸಾಕೆಟ್ ಸಡಿಲ ಇರಬೇಕು" ಎಂದು ಕಳಿಸಿಬಿಟ್ಟೆ. ಅದೇ ವಾರ ಇನ್ನಿಬ್ಬರು ಅದೇ ಮಾಡೆಲ್, ಅದೇ ಕಪ್ಪು ಪ್ಲಗ್ ತಂದರು. ಕೆಳಗಿನ ಲೇಬಲ್ ನೋಡಿದರೆ ಎರಡೂ ಒಂದೇ ಬ್ಯಾಚು. ಶೆಲ್ಫಿನಲ್ಲಿ ಉಳಿದಿದ್ದನ್ನೆಲ್ಲ ಆವತ್ತೇ ಇಳಿಸಿದೆವು. ಆದರೆ ಆ ಅಜ್ಜಿಯ ಫೋನ್ ನಂಬರ್ ನಾನು ಬರೆದುಕೊಂಡಿರಲಿಲ್ಲ. ಆ ಪೆಟ್ಟಿಗೆ ಇನ್ನೂ ಅವರ ಮನೆಯಲ್ಲೇ ಇರಬಹುದು ಅನ್ನೋದು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ತಾರೀಖು, ಮಾಡೆಲ್, ಬ್ಯಾಚ್ ನಂಬರ್, ಫೋನ್ ನಂಬರ್, ದೂರು ಗಿರಾಕಿಯ ಮಾತಿನಲ್ಲೇ. ನಾವು ಬರೆಯೋದನ್ನು ನೋಡಿದರೆ ಕೂಗುವವರ ದನಿಯೂ ಇಳಿಯುತ್ತದೆ, ಯಾಕೆಂದರೆ ತಮ್ಮ ಮಾತು ಯಾರೋ ಕೇಳುತ್ತಿದ್ದಾರೆ ಎಂದು ಕಾಣುತ್ತದಲ್ವಾ. "ಸಮಾಧಾನ ಮಾಡ್ಕೊಳ್ಳಿ" ಅಂತ ಮಾತ್ರ ಹೇಳಬೇಡಿ. ಅದರಿಂದ ಯಾರೂ ಸಮಾಧಾನ ಆದದ್ದನ್ನು ನಾನು ನೋಡಿಲ್ಲ.

ವಾಪಸ್ ತೆಗೆದುಕೊಂಡ ಸಾಮಾನಿನ ಮೇಲೆ ಟೇಪ್ ಹಚ್ಚಿ "ಕೆಟ್ಟಿದೆ" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಇಲ್ಲದಿದ್ದರೆ ಗಡಿಬಿಡಿಯಲ್ಲಿ ಅದೇ ಮತ್ತೊಬ್ಬರ ಕೈಗೆ ಹೋಗುತ್ತದೆ. ರಿಪೇರಿಗೆ ಕಳಿಸಿದರೆ ಇಂಥ ದಿನ ಫೋನ್ ಮಾಡುತ್ತೇನೆ ಎಂದು ಹೇಳಿ. ಏನೂ ಸುದ್ದಿ ಇಲ್ಲದಿದ್ದರೂ ಆ ದಿನ ಮಾಡಿ, "ಇನ್ನೂ ಬಂದಿಲ್ಲ" ಎಂದು ಹೇಳುವುದಕ್ಕಾದರೂ.

ಇನ್ನೊಂದು ಕೆಲಸ ನಾಳೆಯೇ ಮಾಡಿ. ಯಜಮಾನರು ಬಿಡುವಾಗಿದ್ದಾಗ ಕೇಳಿ: ನಿಮ್ಮನ್ನು ಕೇಳದೆ ನಾನೇ ಬದಲಿ ಕೊಡಬಹುದಾ, ಎಷ್ಟು ದಿನದೊಳಗೆ, ದುಡ್ಡು ವಾಪಸ್ ಕೊಡೋದು ಯಾವಾಗ? ಉತ್ತರಗಳನ್ನು ಚೀಟಿಯಲ್ಲಿ ಬರೆದು ಕೌಂಟರ್ ಡ್ರಾಯರಿನಲ್ಲಿ ಇಟ್ಟುಕೊಳ್ಳಿ. ನನ್ನ ಎದೆ ಡವಗುಟ್ಟುವುದು ನಿಂತದ್ದು ಆ ಚೀಟಿ ಬಂದ ಮೇಲೆಯೇ.