ಟ್ರೇಲರ್ ಬ್ರೇಕ್ ಕಂಟ್ರೋಲರ್: ಡಬ್ಬಿ ಕೂರಿಸುವುದು ಸುಲಭ, ವೈರಿಂಗೇ ನಿಜವಾದ ಕೆಲಸ

ಪ್ರಶ್ನೆ: ನನ್ನ ಎಸ್‌ಯುವಿಯಲ್ಲಿ ಟ್ರೇಲರ್ ಹಿಚ್ ಇದೆ, ಲೈಟಿಗೆ 4 ಪಿನ್ನಿನ ಪ್ಲಗ್ ಇದೆ. ಈಗ ಎರಡು ಆಕ್ಸಲ್‌ನ ಕ್ಯಾಂಪಿಂಗ್ ಟ್ರೇಲರ್ ತೆಗೆದುಕೊಂಡಿದ್ದೇನೆ. ಅದರಲ್ಲಿ ಎಲೆಕ್ಟ್ರಿಕ್ ಬ್ರೇಕ್ ಇದೆ. ಗಾಡಿಯ ಬ್ರೇಕ್ ಒತ್ತಿದಾಗ ಟ್ರೇಲರ್ ಬ್ರೇಕಿಗೂ ಕರೆಂಟ್ ಕಳಿಸುವ ಡಬ್ಬಿ, ಅಂದರೆ ಬ್ರೇಕ್ ಕಂಟ್ರೋಲರ್ ಕೊಂಡೆ, ಅದರಿಂದ ನಾಲ್ಕು ವೈರ್ ಹೊರಗೆ ಬಂದಿವೆ. ಯಾವುದು ಎಲ್ಲಿಗೆ? ಇದನ್ನು ನಾನೇ ಹಾಕಿಕೊಳ್ಳಬಹುದಾ ಸರ್?

ಉತ್ತರ: ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಲು ಬರುತ್ತದೆ ಅಂದರೆ ಹಾಕಿಕೊಳ್ಳಬಹುದು. ಆದರೆ ಪ್ಲೈಯರ್ ಕೈಗೆತ್ತಿಕೊಳ್ಳುವ ಮೊದಲು ಗಾಡಿಯ ಮ್ಯಾನ್ಯುಯಲ್‌ನಲ್ಲಿ ಟ್ರೇಲರ್ ಎಳೆಯುವ ಬಗ್ಗೆ ಇರುವ ಪುಟಗಳನ್ನು ಓದಿ. ಎಷ್ಟೋ ಎಸ್‌ಯುವಿಗಳಲ್ಲಿ ಬ್ರೇಕ್ ಕಂಟ್ರೋಲರ್‌ಗಾಗಿ ಕಂಪನಿಯವರೇ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಖಾಲಿ ಪ್ಲಗ್ ಬಿಟ್ಟಿರುತ್ತಾರೆ. ಪೆಡಲ್‌ಗಳ ಮೇಲ್ಭಾಗದಲ್ಲಿ, ಬೇರೆ ವೈರ್‌ಗಳ ಕಟ್ಟಿಗೆ ಟೇಪ್ ಸುತ್ತಿ ಅಂಟಿಸಿರುತ್ತಾರೆ, ಸುಮ್ನೆ ನೋಡಿದರೆ ಕಾಣುವುದಿಲ್ಲ. ಅದು ಸಿಕ್ಕಿದರೆ ನಿಮ್ಮ ಮಾಡೆಲ್‌ಗೆ ಹೊಂದುವ ಅಡಾಪ್ಟರ್ ವೈರ್ ತಂದು ಚುಚ್ಚಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಕೆಲವು ಗಾಡಿಗಳಲ್ಲಿ ಪ್ಲಗ್ ಇದ್ದರೂ ಅದರ ಫ್ಯೂಸ್ ಹಾಕಿರುವುದಿಲ್ಲ, ಅದನ್ನೂ ನೋಡಿಕೊಳ್ಳಿ.

ನಿಮ್ಮದರಲ್ಲಿ 4 ಪಿನ್ನಿನ ಪ್ಲಗ್ ಮಾತ್ರ ಇರುವುದು ನೋಡಿದರೆ ಆ ಭಾಗ್ಯ ಇರಲಿಕ್ಕಿಲ್ಲ. 4 ಪಿನ್ನಿನಲ್ಲಿ ಬ್ರೇಕಿಗೆ ಜಾಗವೇ ಇಲ್ಲ. ಹಿಂದೆ 7 ಪಿನ್ನಿನ ಸಾಕೆಟ್ ಹಾಕಲೇಬೇಕು, ಮುಂದಿನಿಂದ ವೈರ್ ಎಳೆಯಲೇಬೇಕು.

ನಾಲ್ಕು ವೈರ್‌ಗಳ ಬಣ್ಣ ಸಾಮಾನ್ಯವಾಗಿ ಹೀಗಿರುತ್ತದೆ: ಕಪ್ಪು ಬ್ಯಾಟರಿಯ ಪಾಸಿಟಿವ್‌ಗೆ, ಬಿಳಿ ನೆಗೆಟಿವ್‌ಗೆ, ಕೆಂಪು ಬ್ರೇಕ್ ಲೈಟ್ ಸ್ವಿಚ್‌ಗೆ, ನೀಲಿ ಹಿಂದಿನ ಸಾಕೆಟ್‌ನ ಬ್ರೇಕ್ ಪಿನ್ನಿಗೆ. ಮೇಲ್ನೋಟಕ್ಕೆ ಕಪ್ಪು ವೈರ್ ಪಾಸಿಟಿವ್ ಆಗಿರುವುದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಇಲ್ಲೇ ಜಾಸ್ತಿ ಜನ ಉಲ್ಟಾ ಜೋಡಿಸಿ ಹೊಸ ಕಂಟ್ರೋಲರ್ ಸುಟ್ಟುಕೊಳ್ಳುವುದು. ಬಣ್ಣ ನಂಬಬೇಡಿ, ಡಬ್ಬಿಯ ಜೊತೆ ಬಂದ ಚೀಟಿ ನೋಡಿ.

ಕಪ್ಪು ವೈರನ್ನು ನೇರ ಬ್ಯಾಟರಿಗೇ ಒಯ್ಯಿರಿ. ಡ್ಯಾಶ್‌ಬೋರ್ಡ್ ಹಿಂದೆ ಕೈಗೆ ಸಿಕ್ಕಿದ ಫ್ಯೂಸಿನಿಂದ ಕರೆಂಟ್ ಕದಿಯಬೇಡಿ. ಟ್ರೇಲರ್‌ನ ಪ್ರತಿ ಚಕ್ರದ ಬ್ರೇಕ್ ಮ್ಯಾಗ್ನೆಟ್ (ಕರೆಂಟ್ ಬಂದಾಗ ಬ್ರೇಕ್ ಹಿಡಿಸುವ ವಿದ್ಯುತ್ ಅಯಸ್ಕಾಂತ) ಪೂರ್ತಿ ಒತ್ತಿದಾಗ ಸುಮಾರು 3 ಆಂಪ್ ಎಳೆಯುತ್ತದೆ. ನಿಮ್ಮದು ನಾಲ್ಕು ಚಕ್ರ, ಅಂದರೆ 12 ಆಂಪ್. ನಾಲ್ಕು ಬ್ರೇಕ್‌ವರೆಗೆ 20 ಆಂಪ್‌ನ ಸರ್ಕ್ಯೂಟ್ ಬ್ರೇಕರ್ ಸಾಕು, ಆರು ಇದ್ದರೆ 30 ಬೇಕು. ಬ್ರೇಕರ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ತಾನಾಗಿಯೇ ಮತ್ತೆ ಆನ್ ಆಗುವ ಜಾತಿಯದ್ದನ್ನೇ ತನ್ನಿ. ಫ್ಯೂಸ್ ಆದರೆ ಒಮ್ಮೆ ಹೋದರೆ ಹೋಯಿತು, ಇಳಿಜಾರಿನಲ್ಲಿ ಟ್ರೇಲರ್‌ಗೆ ಬ್ರೇಕೇ ಇರುವುದಿಲ್ಲ.

ವೈರಿನ ದಪ್ಪದಲ್ಲಿ ಜಿಪುಣತನ ಬೇಡ. 6 ಮೀಟರ್ ಉದ್ದದ 16 ಗೇಜ್ ವೈರಿನಲ್ಲಿ 12 ಆಂಪ್ ಹರಿದರೆ ಸುಮಾರು 1 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. ಅದೇ 10 ಗೇಜ್ ಆದರೆ ಕಾಲು ವೋಲ್ಟ್ ಅಷ್ಟೇ. ಗೇಜ್ ನಂಬರ್ ಕಡಿಮೆಯಾದಷ್ಟೂ ವೈರ್ ದಪ್ಪ, ನೆನಪಿರಲಿ. 12 ಗೇಜ್‌ಗಿಂತ ತೆಳ್ಳಗಿನದು ಹಾಕಲೇಬೇಡಿ. ನಾನಾದರೆ ನೀಲಿ ವೈರಿನ ಇಡೀ ಉದ್ದಕ್ಕೂ 10 ಗೇಜೇ ಹಾಕುತ್ತೇನೆ.

ಬಿಳಿ ವೈರನ್ನೂ ಬ್ಯಾಟರಿಯ ನೆಗೆಟಿವ್‌ಗೇ ಒಯ್ಯುವುದು ಒಳ್ಳೆಯದು. ಡ್ಯಾಶ್‌ಬೋರ್ಡ್ ಕೆಳಗಿನ ಯಾವುದೋ ಸ್ಕ್ರೂಗೆ ಸಿಕ್ಕಿಸಿದರೆ ಅವತ್ತು ಕೆಲಸ ಮಾಡುತ್ತದೆ. ಆಮೇಲೆ ಸ್ಕ್ರೂ ಸಡಿಲವಾಗಿ, ತುಕ್ಕು ಹಿಡಿದು, ಬ್ರೇಕ್ ಒಮ್ಮೆ ಹಿಡಿದರೆ ಒಮ್ಮೆ ಇಲ್ಲ. ಆಗ ಎಲ್ಲರೂ ಕಂಟ್ರೋಲರನ್ನೇ ಬೈಯುತ್ತಾರೆ.

ಇನ್ನು ಕೆಂಪು ವೈರ್. ತಲೆನೋವೆಲ್ಲ ಇದರಲ್ಲೇ. ಡ್ರೈವರ್ ಸೀಟಿನ ಮುಂದೆ ಅಂಗಾತ ಮಲಗಿ ಮೇಲೆ ನೋಡಿದರೆ ಬ್ರೇಕ್ ಪೆಡಲ್‌ನ ತೋಳಿಗೆ ತಾಗಿಕೊಂಡು ಒಂದು ಚಿಕ್ಕ ಸ್ವಿಚ್ ಕಾಣುತ್ತದೆ. ಅದಕ್ಕೆ ಎರಡು, ನಾಲ್ಕು, ಕೆಲವೊಮ್ಮೆ ಇನ್ನೂ ಜಾಸ್ತಿ ವೈರ್ ಬಂದಿರುತ್ತವೆ. ಇನ್ನೊಬ್ಬರನ್ನು ಪೆಡಲ್ ಒತ್ತಲು ಹೇಳಿ, ಒಂದೊಂದೇ ವೈರನ್ನು ಮೀಟರ್‌ನಲ್ಲಿ ನೋಡಿ. ಒಂದರಲ್ಲಿ ಒತ್ತಿದರೂ ಬಿಟ್ಟರೂ 12 ವೋಲ್ಟ್ ಇರುತ್ತದೆ, ಅದು ಬೇಡ. ಇನ್ನೊಂದರಲ್ಲಿ ಬಿಟ್ಟಾಗ 12, ಒತ್ತಿದಾಗ ಸೊನ್ನೆ ಬರಬಹುದು. ಅದು ಕ್ರೂಸ್ ಕಂಟ್ರೋಲಿನದು, ಅದೂ ಬೇಡ. ಬಿಟ್ಟಾಗ ಸೊನ್ನೆ, ಒತ್ತಿದ ಕೂಡಲೇ 12 ಬರುವುದೇ ನಿಮಗೆ ಬೇಕಾದ ವೈರ್. ಸಿಕ್ಕಿದ ಮೇಲೆ ಇನ್ನೊಂದು ಪರೀಕ್ಷೆ ಇದೆ. ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಟುಕಿಸುವ ಹಜಾರ್ಡ್ ಬಟನ್ ಒತ್ತಿ. ಆಗ ಈ ವೈರಿನಲ್ಲೂ ವೋಲ್ಟೇಜ್ ಬಂದು ಹೋಗಿ ಮಾಡಿದರೆ ಟ್ರೇಲರ್ ಬ್ರೇಕೂ ಅದೇ ತಾಳಕ್ಕೆ ಹಿಡಿಯುತ್ತಾ ಬಿಡುತ್ತಾ ಇರುತ್ತದೆ, ಹಾಗಾಗಿ ಅದೂ ಬೇಡ.

ಹೊಸ ಗಾಡಿಗಳಲ್ಲಿ ಈ ಸ್ವಿಚ್ ನೇರ ಲೈಟಿಗೆ ಹೋಗದೆ ಕಂಪ್ಯೂಟರಿಗೆ ಹೋಗುತ್ತದೆ. ಮೀಟರ್‌ನಲ್ಲಿ ಸರಿಯಾಗಿ 12 ವೋಲ್ಟ್ ಕಾಣದಿದ್ದರೆ ಅಲ್ಲಿಗೆ ನಿಲ್ಲಿಸಿ, ಆ ಮಾಡೆಲ್‌ಗೆಂದೇ ಮಾಡಿದ ವೈರಿಂಗ್ ಕಿಟ್ ತನ್ನಿ. ಬಲ್ಬಿನ ಹಳೇ ಟೆಸ್ಟ್ ಲ್ಯಾಂಪ್ ಇಲ್ಲಿ ಬಳಸಬೇಡಿ, ಅದು ಎಳೆಯುವ ಕರೆಂಟಿಗೇ ಕಂಪ್ಯೂಟರ್ ಕೆಡಬಹುದು. ಹಳದಿ ಪ್ಲಗ್, ಹಳದಿ ಕೊಳವೆಯ ವೈರ್ ಕಂಡರೆ ಮುಟ್ಟಲೇಬೇಡಿ. ಅದು ಏರ್‌ಬ್ಯಾಗ್. ಮೊಣಕಾಲಿನ ಎದುರಿಗೂ ಏರ್‌ಬ್ಯಾಗ್ ಇರುವ ಗಾಡಿಯಾದರೆ ಅಲ್ಲಿ ಸ್ಕ್ರೂ ಕೊರೆಯುವ ಯೋಚನೆಯನ್ನೇ ಬಿಡಿ. ಅಳತೆ ಎಲ್ಲ ಮುಗಿದ ಮೇಲೆ, ಜೋಡಿಸುವ ಮೊದಲು, ಬ್ಯಾಟರಿಯ ನೆಗೆಟಿವ್ ಕಳಚಿಡಿ.

ಎಂಜಿನ್ ಕಡೆಯಿಂದ ಒಳಗೆ ಬರಲು ಮೊದಲೇ ಇರುವ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಹಾಕಿದ ರಬ್ಬರ್ ಬಳೆ) ಮೂಲಕ ವೈರ್ ತೂರಿಸಿ. ಗಾಡಿಯ ಅಡಿಯಲ್ಲಿ ಸೈಲೆನ್ಸರ್ ಪೈಪಿನಿಂದ ದೂರ ಇರಲಿ.

ಡಬ್ಬಿಯನ್ನು ಕೂರಿಸುವಾಗ ಒಂದು ಮಾತು. ನೀವು ತಂದಿರುವುದು ಪ್ರೊಪೋರ್ಷನಲ್ ಜಾತಿಯದ್ದಾದರೆ ಅದರೊಳಗೆ ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಎಂದು ಅಳೆಯುವ ಸೆನ್ಸರ್ ಇರುತ್ತದೆ. ನೀವು ಎಷ್ಟು ಬ್ರೇಕ್ ಹಾಕುತ್ತೀರೋ ಅದಕ್ಕೆ ತಕ್ಕಷ್ಟು ಟ್ರೇಲರ್‌ಗೂ ಕೊಡುತ್ತದೆ. ಅದು ಗಾಡಿ ಹೋಗುವ ದಿಕ್ಕಿಗೆ ನೇರವಾಗಿರಬೇಕು, ಅಲುಗಾಡಬಾರದು. ಟೈಮ್ ಡಿಲೇ ಜಾತಿಯದ್ದಕ್ಕೆ ಈ ನಿಯಮ ಇಲ್ಲ. ಆದರೆ ಅದು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಒಂದೇ ರೀತಿ ಬ್ರೇಕ್ ಏರಿಸುತ್ತದೆ. ಎರಡು ಆಕ್ಸಲ್‌ನ ಟ್ರೇಲರ್‌ಗೆ ನಾನು ಅದನ್ನು ಹೇಳುವುದಿಲ್ಲ. ಯಾವುದೇ ಇರಲಿ, ಅದರ ಕೈ ಲಿವರ್ ಬಗ್ಗದೆ ಸಿಗುವ ಹಾಗಿರಲಿ. ಟ್ರೇಲರ್ ಅತ್ತಿತ್ತ ತೂಗಾಡಲು ಶುರುವಾದಾಗ ಗಾಡಿಯ ಬ್ರೇಕ್ ಮುಟ್ಟದೆ ಟ್ರೇಲರ್ ಬ್ರೇಕನ್ನಷ್ಟೇ ಹಿಡಿಯಲು ಆ ಲಿವರ್ ಬೇಕು.

ಪ್ರಶ್ನೆ: ಕಂಟ್ರೋಲರ್ ಹಾಕಿಸಿ ಆಯಿತು. ಬ್ರೇಕ್ ಒತ್ತಿದರೆ ಟ್ರೇಲರ್ ಹಿಂದಿನಿಂದ ಜಗ್ಗುತ್ತದೆ. ಗೇನ್, ಅಂದರೆ ಟ್ರೇಲರ್ ಬ್ರೇಕಿಗೆ ಎಷ್ಟು ಕರೆಂಟ್ ಹೋಗಬೇಕು ಎನ್ನುವ ಸೆಟ್ಟಿಂಗ್, ಕಡಿಮೆ ಮಾಡಿದರೆ ಮುಂದಕ್ಕೆ ತಳ್ಳುತ್ತದೆ. ಸರಿಯಾದ ನಂಬರ್ ಎಷ್ಟು?

ಉತ್ತರ: ಎಲ್ಲರಿಗೂ ಒಂದೇ ನಂಬರ್ ಅಂತ ಇಲ್ಲ. ಟ್ರೇಲರ್‌ನ ತೂಕ ಬದಲಾದರೆ ಅದೂ ಬದಲಾಗುತ್ತದೆ. ಖಾಲಿ ಇರುವ, ಸಮತಟ್ಟಾದ, ಒಣಗಿದ ರಸ್ತೆಗೆ ಹೋಗಿ. ಮೊದಲು ನಾಲ್ಕಾರು ಸಲ ಬ್ರೇಕ್ ಹಾಕಿ ಡ್ರಮ್ ಬಿಸಿಯಾಗಲಿ. ಆಮೇಲೆ 40 ಕಿ.ಮೀ. ವೇಗದಲ್ಲಿ ಕೈ ಲಿವರನ್ನು ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಲಾಕ್ ಆಗುವವರೆಗೆ ಗೇನ್ ಏರಿಸುತ್ತಾ ಹೋಗಿ, ಲಾಕ್ ಆದ ಕೂಡಲೇ ಒಂದು ಚೂರು ಇಳಿಸಿ. ಅದೇ ನಿಮ್ಮ ನಂಬರ್. ಸಾಮಾನು ತುಂಬಿದ ದಿನ, ಮಳೆ ಬಂದ ದಿನ ಮತ್ತೆ ನೋಡಿಕೊಳ್ಳಿ.

ಹೀಗೆ ಸೆಟ್ ಮಾಡಿದರೂ ನಡೆದಾಡುವಷ್ಟು ವೇಗದಲ್ಲಿ ಸ್ವಲ್ಪ ಜಗ್ಗುತ್ತದೆ, ಎಲೆಕ್ಟ್ರಿಕ್ ಬ್ರೇಕಿನ ಗುಣವೇ ಅದು. ಟ್ರೇಲರ್ ಹೊಸದಾದರೆ ಬ್ರೇಕ್ ಶೂ ಪಳಗುವವರೆಗೆ ನಂಬರ್ ಒಂದೇ ಕಡೆ ನಿಲ್ಲುವುದಿಲ್ಲ. ಬೂಸ್ಟ್ ಬಟನ್ (ಬ್ರೇಕ್ ಒತ್ತಿದ ಶುರುವಿನಲ್ಲೇ ಟ್ರೇಲರ್‌ಗೆ ಹೆಚ್ಚು ಬಲ ಕೊಡುವುದು) ಇದ್ದರೆ ಸದ್ಯಕ್ಕೆ ಆಫ್ ಮಾಡಿ, ಗೇನ್ ಸರಿಯಾದ ಮೇಲೆ ಬೇಕಿದ್ದರೆ ಹಾಕಿ.

ಪ್ರಶ್ನೆ: ಡಿಸ್‌ಪ್ಲೇಯಲ್ಲಿ ಆಗಾಗ ಶಾರ್ಟ್ ಅಂತ ತೋರಿಸುತ್ತದೆ. ಕಂಟ್ರೋಲರ್ ಬದಲಾಯಿಸಬೇಕಾ?

ಉತ್ತರ: ಮೊದಲು 7 ಪಿನ್ನಿನ ಪ್ಲಗ್ ಕಿತ್ತು ನೋಡಿ. ಕಿತ್ತ ಮೇಲೂ ಶಾರ್ಟ್ ತೋರಿಸಿದರೆ ತೊಂದರೆ ಗಾಡಿಯಲ್ಲಿ, ಹೋದರೆ ಟ್ರೇಲರ್‌ನಲ್ಲಿ. ಗುಂಡಿಯಲ್ಲಿ ಕುಲುಕಿದಾಗ ಮಾತ್ರ ಬರುತ್ತದೆ ಅಂದರೆ ಆಕ್ಸಲ್ ಪೈಪಿನೊಳಗೆ ಹೋಗುವ ವೈರ್ ಮೇಲೆ ನನಗೆ ಅನುಮಾನ. ಅದು ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದುಕೊಳ್ಳುತ್ತದೆ. ಹಳೇ ವೈರ್ ಹಾಗೇ ಬಿಟ್ಟು, ಆಕ್ಸಲ್ ಹೊರಗಿನಿಂದ ಹೊಸದನ್ನು ಕ್ಲಿಪ್ ಹಾಕಿ ಎಳೆಯಿರಿ. ಒಂದೊಂದು ಮ್ಯಾಗ್ನೆಟ್‌ನ ವೈರ್ ಬಿಡಿಸಿ ಮೀಟರ್‌ನಲ್ಲಿ ಅಳೆದರೆ 3ರಿಂದ 4 ಓಮ್ ಬರಬೇಕು. ಸೊನ್ನೆಯ ಹತ್ತಿರ ಬಂದರೆ ಆ ಮ್ಯಾಗ್ನೆಟ್ ಹೋಗಿದೆ.

ಪ್ರಶ್ನೆ: ಟ್ರೇಲರ್‌ನಲ್ಲಿ ಬ್ರೇಕ್‌ಅವೇ ಸ್ವಿಚ್ ಇದೆ. ಮತ್ತೆ ಕಂಟ್ರೋಲರ್ ಯಾಕೆ?

ಉತ್ತರ: ಅದು ಬೇರೆ, ಇದು ಬೇರೆ. ಬ್ರೇಕ್‌ಅವೇ ಇರುವುದು ಟ್ರೇಲರ್ ಕಳಚಿಕೊಂಡು ಓಡಿದಾಗ ನಿಲ್ಲಿಸಲು. ಹಗ್ಗ ಎಳೆದು ಪಿನ್ ಹೊರಬಂದರೆ ಟ್ರೇಲರ್‌ನದೇ ಬ್ಯಾಟರಿಯಿಂದ ಪೂರ್ತಿ ಕರೆಂಟ್ ಮ್ಯಾಗ್ನೆಟ್‌ಗಳಿಗೆ ಹೋಗುತ್ತದೆ. ದಿನದ ಬ್ರೇಕಿಗೆ ಕಂಟ್ರೋಲರ್ರೇ ಬೇಕು. ಬ್ರೇಕ್ ಎಷ್ಟು ತೂಕದಿಂದ ಕಡ್ಡಾಯ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಆಸ್ಟ್ರೇಲಿಯಾದಲ್ಲಿ 750 ಕೆ.ಜಿ. ದಾಟಿದರೆ ಬ್ರೇಕ್ ಬೇಕು, 2,000 ದಾಟಿದರೆ ಎಲ್ಲ ಚಕ್ರಕ್ಕೂ ಬ್ರೇಕ್, ಜೊತೆಗೆ ಬ್ರೇಕ್‌ಅವೇ ಕೂಡ ಬೇಕು. ಅಮೆರಿಕದ ಹಲವು ರಾಜ್ಯಗಳಲ್ಲಿ ಗೆರೆ ಇರುವುದು 3,000 ಪೌಂಡ್, ಅಂದರೆ ಸುಮಾರು 1,360 ಕೆ.ಜಿ.ಯಲ್ಲಿ.

ಬ್ರೇಕ್‌ಅವೇ ಪಿನ್ ಎಳೆದು ಪರೀಕ್ಷಿಸುವಾಗ 7 ಪಿನ್ನಿನ ಪ್ಲಗ್ ಬಿಡಿಸಿರಿ. ಇಲ್ಲದಿದ್ದರೆ ಟ್ರೇಲರ್ ಬ್ಯಾಟರಿಯ ಕರೆಂಟ್ ಹಿಂದಿನ ದಾರಿಯಲ್ಲಿ ಬಂದು ಕಂಟ್ರೋಲರ್ ಕೆಡಿಸಬಹುದು. ಚಕ್ರ ಹಿಡಿಯಿತು ಅಂತ ಗೊತ್ತಾದ ಕೂಡಲೇ ಪಿನ್ ವಾಪಸ್ ಹಾಕಿ. ಹಾಗೇ ಬಿಟ್ಟರೆ ಬ್ಯಾಟರಿ ಬರಿದಾಗುತ್ತದೆ, ಮ್ಯಾಗ್ನೆಟ್‌ಗಳೂ ಕಾಯುತ್ತವೆ.