ಟೊರಾಂಟೊದಲ್ಲಿ ರಾತ್ರಿ ಎರಡು ಗಂಟೆ ಆದ ಮೇಲೆ

ಪ್ರಶ್ನೆ: ಅಕ್ಕಾ, ಮಗ ಓದಲು ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಹೋಗಿದ್ದಾನೆ. ಟೊರಾಂಟೊದಲ್ಲಿದ್ದಾನೆ, ವಯಸ್ಸು 22. ಶನಿವಾರ ಬಂತೆಂದರೆ ರಾತ್ರಿ ಫ್ರೆಂಡ್ಸ್ ಜೊತೆ ಹೊರಗೆ ಹೋಗುತ್ತಾನೆ. ಫೋನ್ ಎತ್ತದಿದ್ದರೆ ನನಗೆ ಕೈಕಾಲು ಆಡುವುದಿಲ್ಲ. ಹೋಗಬೇಡ ಅನ್ನಲಾ?
– ಹೆಸರು ಬೇಡ, ಹಾಸನ

ಉತ್ತರ: ಅನ್ನಬೇಡಿ. ನೀವು ಅಂದರೂ ಅವನು ಹೋಗುತ್ತಾನೆ, ನಿಮಗೆ ಹೇಳುವುದನ್ನು ಬಿಡುತ್ತಾನೆ, ಅಷ್ಟೇ. ನಾನು ಆ ಊರಲ್ಲಿ ಆರು ವರ್ಷ ಇದ್ದು ಬಂದವಳು. ಬಾರ್, ಕ್ಲಬ್ ಒಳಗೆ ಏನು ನಡೆಯುತ್ತದೆ ಅನ್ನುವುದಕ್ಕಿಂತ ಮನೆಗೆ ಹೇಗೆ ಬರುತ್ತಾನೆ ಅನ್ನುವುದನ್ನು ಕೇಳಿ.

ಒಂಟಾರಿಯೊದಲ್ಲಿ ಬಾರ್, ಕ್ಲಬ್‌ಗಳು ರಾತ್ರಿ 2 ಗಂಟೆಗೆ ಮದ್ಯ ಕೊಡುವುದನ್ನು ನಿಲ್ಲಿಸುತ್ತವೆ. ಅದಕ್ಕೆ ಸ್ವಲ್ಪ ಮೊದಲೇ 'ಲಾಸ್ಟ್ ಕಾಲ್', ಅಂದರೆ ಕೊನೆಯ ಆರ್ಡರ್ ಈಗಲೇ ಹೇಳಿ ಅಂತ ಕೂಗುತ್ತಾರೆ. ಚಳಿಗಾಲದಲ್ಲಿ ಆಗ ನಿಮಗೆ ಭಾನುವಾರ ಮಧ್ಯಾಹ್ನ ಹನ್ನೆರಡೂವರೆ, ಕುಕ್ಕರ್ ಕೂಗುವ ಹೊತ್ತು. ಆಗ ಅವನು ಫೋನ್ ಎತ್ತದಿದ್ದರೆ ಗಾಬರಿ ಬೇಡ, ಬಸ್ಸಿಗೆ ಕಾಯುತ್ತಿರುತ್ತಾನೆ, ಕೈ ಜೇಬಿನಿಂದ ಹೊರಗೆ ತೆಗೆಯಲು ಆಗುತ್ತಿರುವುದಿಲ್ಲ.

ಯಾಕೆಂದರೆ ಅಲ್ಲಿಯ ಸಬ್‌ವೇ ರೈಲು ಸುಮಾರು ಒಂದೂವರೆಗೇ ನಿಂತುಬಿಡುತ್ತದೆ. ಭಾನುವಾರ ಮತ್ತೆ ಶುರುವಾಗುವುದು ಬೆಳಿಗ್ಗೆ 8ಕ್ಕೆ. ಬಾರ್ ಮುಚ್ಚುವುದು ಎರಡಕ್ಕೆ, ರೈಲು ನಿಲ್ಲುವುದು ಅದಕ್ಕೂ ಮೊದಲು, ಯಾವ ಪುಣ್ಯಾತ್ಮ ಲೆಕ್ಕ ಹಾಕಿದನೋ! ಆಮೇಲೆ ಓಡುವುದು ರಾತ್ರಿ ಬಸ್ಸುಗಳು. ಅವುಗಳ ನಂಬರು 300ರಿಂದ ಶುರು. ಯಂಗ್ ಸ್ಟ್ರೀಟ್ ಮೇಲೆ 320, ಕ್ವೀನ್ ಸ್ಟ್ರೀಟ್ ಮೇಲೆ 301, ಅದು ಮಾತ್ರ ಬಸ್ಸಲ್ಲ, ಟ್ರಾಮ್. ಮಗನ ಮನೆ ಹತ್ತಿರ ಯಾವ ನಂಬರು ಬರುತ್ತದೆ ಅಂತ ಕೇಳಿ. ತಡವರಿಸದೆ ಹೇಳಿದರೆ ಹುಡುಗನಿಗೆ ಜವಾಬ್ದಾರಿ ಇದೆ ಅಂತ ಅರ್ಥ.

ನನ್ನ ಮೊದಲ ಚಳಿಗಾಲದ್ದು ಹೇಳುತ್ತೇನೆ. ಕಿಂಗ್ ಸ್ಟ್ರೀಟ್‌ನ ಒಂದು ಕ್ಲಬ್ಬಿನ ಮುಂದೆ ಮುಕ್ಕಾಲು ಗಂಟೆ ಸಾಲು. ಹಾಸನಾಂಬೆ ದರ್ಶನಕ್ಕೆ ರಾತ್ರಿಯೆಲ್ಲ ನಿಂತವಳಿಗೆ ಸಾಲು ದೊಡ್ಡದಲ್ಲ, ಆದರೆ ಅಮ್ಮನ ಸಾಲಿನಲ್ಲಿ ಮೈನಸ್ 15 ಇರುವುದಿಲ್ಲ ಅಲ್ವಾ. ಮುಂದಿದ್ದ ಹುಡುಗಿಯರು ತೆಳು ಫ್ರಾಕಿನಲ್ಲಿ ನಡುಗುತ್ತಿದ್ದರು, ಜಾಕೆಟ್ಟೇ ಇಲ್ಲ. ಇವರಿಗೇನು ಹುಚ್ಚಾ ಅಂದುಕೊಂಡೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಜಾಕೆಟ್ ಇಟ್ಟುಕೊಳ್ಳುವುದಕ್ಕೂ ದುಡ್ಡು ಕೇಳುತ್ತಾರೆ. ನಾನು ಕೊಟ್ಟೆ, ಬೆರಳಗಲದ ಒಂದು ಚೀಟಿ ಕೊಟ್ಟರು, ಅದನ್ನು ಕಳೆದುಕೊಂಡೆ. ಎಲ್ಲರ ಜಾಕೆಟ್ ಹೋಗುವ ತನಕ ನಿಲ್ಲಿಸಿದರು. ಕೊನೆಗೆ ಗೂಟದ ಮೇಲೆ ಒಂದೇ ಒಂದು ಉಳಿದಿತ್ತು, ನನ್ನದು. ಎರಡೂವರೆ ಆಗಿತ್ತು. ಜೊತೆಗೆ ಬಂದವರೆಲ್ಲ ಹೋಗಿಯಾಗಿತ್ತು. ಅವತ್ತು ಬಸ್ ಸ್ಟಾಪಿನಲ್ಲಿ ನಿಂತು ಅತ್ತಿದ್ದು ನಿಜ. ಆದರೆ ಹೆದರಿಕೆಗಲ್ಲ, ಚಳಿಗೆ. ಬೀದಿಯಲ್ಲಿ ಇನ್ನೂ ಜನ ಇದ್ದರು, ಎದುರಿನ ಪಿಜ್ಜಾ ಅಂಗಡಿ ತೆರೆದಿತ್ತು.

ಇನ್ನೊಂದು. ಅಲ್ಲಿ ಕುಡಿಯಲು 19 ತುಂಬಿರಬೇಕು. ಗಡ್ಡ ಬಿಟ್ಟವನಾದರೂ ಬಾಗಿಲಲ್ಲಿ ಗುರುತಿನ ಚೀಟಿ ತೋರಿಸಲೇಬೇಕು. ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬಾರದು. ಹಾಗಂತ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಕುಣಿಯಲು ಹೋಗಬಾರದು. ಡ್ರೈವಿಂಗ್ ಲೈಸೆನ್ಸ್ ಇಲ್ಲದವರಿಗೆ ಪ್ರಾಂತ್ಯದ ಸರ್ಕಾರವೇ 35 ಡಾಲರಿಗೆ 'ಒಂಟಾರಿಯೊ ಫೋಟೊ ಕಾರ್ಡ್' ಕೊಡುತ್ತದೆ. ಮೊದಲು ಅದನ್ನು ಮಾಡಿಸಿಕೊಳ್ಳಲು ಹೇಳಿ.

ಪ್ರಶ್ನೆ: ಮೇಡಂ, ಜನವರಿಗೆ ಟೊರಾಂಟೊಗೆ ಹೊರಟಿದ್ದೇನೆ. ನಾನು ಕುಡಿಯುವುದಿಲ್ಲ. ಸಂಜೆಯಾದ ಮೇಲೆ ರೂಮಿನಲ್ಲೇ ಕೂರಬೇಕಾ? ಖರ್ಚು ಹೇಗೆ?
– ಕೊಪ್ಪದ ಹುಡುಗ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ಯಾಕಪ್ಪ ಕೂರಬೇಕು? ಸಿಟಿ ಹಾಲ್ ಮುಂದೆ ನೇಥನ್ ಫಿಲಿಪ್ಸ್ ಸ್ಕ್ವೇರ್ ಇದೆ. ಚಳಿಗಾಲದಲ್ಲಿ ಅಲ್ಲಿಯ ಕೊಳದ ಮಂಜುಗಡ್ಡೆಯ ಮೇಲೆ ರಾತ್ರಿ ದೀಪದ ಕೆಳಗೆ ಸ್ಕೇಟಿಂಗ್ ಮಾಡಬಹುದು. ಟಿಕೆಟ್ ಇಲ್ಲ, ಸ್ಕೇಟ್ಸ್ ಮಾತ್ರ ಬಾಡಿಗೆಗೆ. ಮೊದಲ ದಿನ ಬೀಳುತ್ತೀರಿ, ಎಲ್ಲರೂ ಬೀಳುತ್ತಾರೆ. ಹಾಡು ಇಷ್ಟವಾದರೆ ಮ್ಯಾಸಿ ಹಾಲ್, 1894ರಿಂದ ಇರುವ ಸಭಾಂಗಣ. ಸಿನಿಮಾ ಹುಚ್ಚಿದ್ದರೆ ಸಿನೆಪ್ಲೆಕ್ಸ್ ಥಿಯೇಟರಿಗೆ ಮಂಗಳವಾರ ಹೋಗಿ, ಅವತ್ತು ಟಿಕೆಟ್ ಕಡಿಮೆ. ಸೆಪ್ಟೆಂಬರ್‌ನಲ್ಲಿ ಚಿತ್ರೋತ್ಸವ ನಡೆಯುತ್ತದೆ, 1976ರಲ್ಲಿ ಶುರುವಾದದ್ದು, ನಟನಟಿಯರನ್ನು ನೋಡಲು ಕಿಂಗ್ ಸ್ಟ್ರೀಟ್ ತುಂಬಾ ಜನವೋ ಜನ.

ನಿಮಗೆ ಅಂತಲೇ ಹೇಳುವುದು ಇನ್ನೊಂದಿದೆ. ಕೊಪ್ಪದವರಿಗೆ ಬಯಲಾಟ ನೋಡಿ ಬೆಳಗು ಮಾಡುವುದು ಹೊಸದಲ್ಲ. ಟೊರಾಂಟೊದಲ್ಲಿ ಹಾಗೆ ಬೆಳಗಿನ ತನಕ ಊರೇ ಎದ್ದಿರುವ ರಾತ್ರಿ ವರ್ಷಕ್ಕೊಂದು. 'ನ್ಯೂಯಿ ಬ್ಲಾಂಶ್' ಅನ್ನುತ್ತಾರೆ. 2006ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ. ಬೀದಿಯಲ್ಲಿ, ಚೌಕದಲ್ಲಿ ದೊಡ್ಡ ದೊಡ್ಡ ಕಲಾಕೃತಿ, ಬೆಳಕಿನ ಆಟ. ನೋಡುವುದಕ್ಕೆ ದುಡ್ಡಿಲ್ಲ. ಕೆಲವು ಏನಂತ ಅರ್ಥವಾಗುವುದಿಲ್ಲ, ತಲೆ ಕೆಡಿಸಿಕೊಳ್ಳಬೇಡಿ, ಪಕ್ಕದಲ್ಲಿ ನಿಂತವರಿಗೂ ಆಗಿರುವುದಿಲ್ಲ.

ಖರ್ಚಿನ ಮಾತು. ಮೆನುವಿನಲ್ಲಿ 20 ಡಾಲರ್ ಅಂತ ಇದ್ದರೆ ಅದು 20 ಅಲ್ಲ. 13 ಪರ್ಸೆಂಟ್ ತೆರಿಗೆ ಬಿಲ್ಲಿನಲ್ಲಿ ಸೇರುತ್ತದೆ. ಮೇಲೆ ಟಿಪ್ಸು, 15ರಿಂದ 20 ಪರ್ಸೆಂಟ್. ಕಾರ್ಡ್ ಮಷೀನ್ ನಿಮ್ಮ ಮುಂದೆಯೇ ಕೇಳುತ್ತದೆ, ಬಿಲ್ ತಂದ ಹುಡುಗಿ ಪಕ್ಕದಲ್ಲೇ ನಿಂತಿರುತ್ತಾಳೆ, ನಮ್ಮವರು ನಾಚಿಕೆಗೆ ಜಾಸ್ತಿ ಒತ್ತಿಬಿಡುತ್ತಾರೆ. ಒಟ್ಟಿನಲ್ಲಿ 20ರ ಊಟಕ್ಕೆ 26 ಅಂತ ಲೆಕ್ಕ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ತಮ್ಮ ಅಲ್ಲಿ ಕಾರು ತಗೊಂಡಿದ್ದಾನೆ. ಎರಡೇ ಬಿಯರ್ ಕುಡಿದರೆ ಓಡಿಸಬಹುದು ಅನ್ನುತ್ತಾನೆ. ಹೌದಾ?
– ಸಕಲೇಶಪುರದ ಓದುಗ

ಉತ್ತರ: ಸುಮ್ನೆ ಹೇಳುತ್ತಿದ್ದಾನೆ. ಅವನ ಹತ್ತಿರ ಇರುವುದು ಹೊಸಬರ ಜಿ2 ಲೈಸೆನ್ಸ್ ಆಗಿದ್ದರೆ, ಅಥವಾ ವಯಸ್ಸು 21 ದಾಟಿಲ್ಲದಿದ್ದರೆ, ಒಂದು ತೊಟ್ಟೂ ಇರುವಂತಿಲ್ಲ. ಉಳಿದವರಿಗೂ ರಕ್ತದಲ್ಲಿ ಆಲ್ಕೋಹಾಲ್ 0.05 ಪರ್ಸೆಂಟ್ ಮುಟ್ಟಿದರೆ ಅಲ್ಲೇ ರಸ್ತೆ ಮೇಲೆ ಲೈಸೆನ್ಸ್ ಅಮಾನತು. 0.08 ಆದರೆ ಕ್ರಿಮಿನಲ್ ಕೇಸು. 2018ರ ಡಿಸೆಂಬರ್‌ನಿಂದ ಈ ಅಪರಾಧಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ಹಾಗಾಗಿ ಅಲ್ಲಿಯ ಪ್ರಜೆಯಲ್ಲದವರಿಗೆ ಇದು ಗಂಭೀರ ಅಪರಾಧದ ಲೆಕ್ಕಕ್ಕೆ ಸೇರುತ್ತದೆ. ಪಿ.ಆರ್., ಅಂದರೆ ಅಲ್ಲೇ ಕಾಯಂ ಇರುವ ಅನುಮತಿ, ಸಿಕ್ಕಿದವರನ್ನೂ ದೇಶದಿಂದ ಕಳಿಸಬಹುದು. ಇಲ್ಲಿ ದಂಡ ಕಟ್ಟಿ ಬೈಕ್ ಬಿಡಿಸಿಕೊಂಡು ಬಂದ ಹಾಗಲ್ಲ.

ಗಾಂಜಾ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲ್ಲಿ 2018ರ ಅಕ್ಟೋಬರ್ 17ರಿಂದ ಅದು ಕಾನೂನಿಗೆ ಒಪ್ಪಿಗೆ, ಒಂಟಾರಿಯೊದಲ್ಲಿ 19 ತುಂಬಿದವರಿಗೆ ಅಂಗಡಿಯಲ್ಲೇ ಸಿಗುತ್ತದೆ. ಗಡಿ ದಾಟಿಸುವುದು ಮಾತ್ರ ಅಪರಾಧ, ಹೋಗುವಾಗಲೂ ಬರುವಾಗಲೂ. ನಿಮ್ಮ ತಮ್ಮ ಊರಿಗೆ ಬರುವ ಮೊದಲು ಜಾಕೆಟ್ ಜೇಬನ್ನೆಲ್ಲ ಒಮ್ಮೆ ಕೊಡವಿ ನೋಡಲಿ.